ಮೆತೋದಿಯ ಉಣ್ಣೆ ಜೆರ್ಸಿ

ಶುಕ್ರವಾರ ಬೆಳಿಗ್ಗೆ ನೋಡಿದರೆ ಗಾಜಿನ ಪೆಟ್ಟಿಗೆ ಖಾಲಿ.

ಒಳಗೆ ಮರದ ಹ್ಯಾಂಗರ್ ಮಾತ್ರ ಇತ್ತು. ಮೆತೋದಿಯ ಜೆರ್ಸಿ ಇರಲಿಲ್ಲ.

ಮೊದಲು ನೋಡಿದವನು ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ಗ್ಲಿಗೊರ್. ಭಾನುವಾರದ ಮ್ಯಾಚಿನ ಪೋಸ್ಟರಿಗೆ ಫೋಟೊ ತೆಗೆಸಲು ಬಂದಿದ್ದ. ಅವನ ಕೂಗು ಗೇಟಿನವರೆಗೆ ಕೇಳಿತು. ನಾನು ಅಲ್ಲೇ ಬೆಂಚಿನ ಮೇಲೆ ಕುಂಬಳಬೀಜದ ಪೊಟ್ಟಣ ಕಟ್ಟುತ್ತ ಕೂತಿದ್ದೆ. ಮ್ಯಾಚಿನ ದಿನ ಬೀಜ ಮಾರುವುದು ನನ್ನ ಕೆಲಸ. ಮಿಕ್ಕ ದಿನ ಸುಮ್ಮನೆ ಕೂರುವುದು. ಎದ್ದು ಒಳಗೆ, ಪೆಟ್ಟಿಗೆ ಇಟ್ಟಿದ್ದ ಕೋಣೆಗೆ ಹೋದೆ.

ಗಾಜು ಒಡೆದಿರಲಿಲ್ಲ. ಮುಂದಿನ ಚೌಕಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ತಿರುಪುಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಬಾಗಿಲಿನ ಬೀಗವೂ ಸರಿಯಾಗಿಯೇ ಇತ್ತು. ಕದ್ದವನು ಕೀಲಿಯಿಂದಲೇ ಬೀಗ ತೆಗೆದು ಬಂದು, ಮತ್ತೆ ಬೀಗ ಹಾಕಿಕೊಂಡೇ ಹೋಗಿದ್ದ.

ಕೀಲಿ ಇರುವುದು ಒಂದೇ ಕಡೆ. ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿ. ಅದು ರಾಯಿಫನ ಕೋಣೆ. ಆಟಗಾರರ ಬಟ್ಟೆ, ಬೂಟು, ಚೆಂಡು ಎಲ್ಲ ನೋಡಿಕೊಳ್ಳುವವನು ಅವನು. ಮೇಲಿನ ಕೇರಿಯ ತುರ್ಕಿ. ಹೆಂಡತಿ ತೀರಿಕೊಂಡ ಮೇಲೆ ಅದೇ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡು ಉಳಿದುಬಿಟ್ಟಿದ್ದ. ಅವನ ಮನೆ ಅಂದರೆ ಅದೇ.

ಗ್ಲಿಗೊರ್ ಪೊಲೀಸರಿಗೆ ಫೋನು ಮಾಡಿದ. ಆಮೇಲೆ, ಕೂಗು ಕೇಳಿ ಬಂದಿದ್ದ ರಾಯಿಫನ ಮುಖವನ್ನೇ ನೋಡುತ್ತ ನಿಂತ.

* * *

ಬಂದವಳು ಇನ್‌ಸ್ಪೆಕ್ಟರ್ ರುಮೆನಾ. ನಲವತ್ತರ ಆಸುಪಾಸು, ಕುಳ್ಳಗೆ, ಮಾತು ಕಡಿಮೆ. ಜಿಲ್ಲೆಯ ಠಾಣೆಯಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು. ಒಂದು ಹಳೆ ಅಂಗಿ ಕಳುವಾಗಿದೆ ಅಂತ ಕರೆದಿದ್ದಕ್ಕೆ ನಗುತ್ತಾಳೇನೋ ಅಂದುಕೊಂಡಿದ್ದೆ. ನಗಲಿಲ್ಲ. ತಿರುಪುಗಳ ಮುಂದೆ ಬಹಳ ಹೊತ್ತು ನಿಂತಳು.

ಜೆರ್ಸಿಯನ್ನು ಕಡೆಯ ಸಲ ಯಾರು ನೋಡಿದ್ದು ಅಂತ ಕೇಳಿದಳು. ಸೋಮವಾರ ಕಸ ಗುಡಿಸುವಾಗ ಇತ್ತು ಅಂದ ರಾಯಿಫ್. ಆಮೇಲೆ ಆ ಕೋಣೆಗೆ ಯಾರೂ ಹೋಗಿರಲಿಲ್ಲ. ಬುಧವಾರ ಮೈದಾನಕ್ಕೇ ಬೀಗ. ಮೆತೋದಿಯ ಅಕ್ಕ ದೋನ್ಕಾ ಮಂಗಳವಾರ ತೀರಿಕೊಂಡಿದ್ದಳು. ಬುಧವಾರ ಊರಿಗೆ ಊರೇ ಮಣ್ಣಿಗೆ ಹೋಗಿತ್ತು.

ರುಮೆನಾ ರಾಯಿಫನ ಕೋಣೆಗೆ ಇಳಿದಳು. ನಾನೂ ಗ್ಲಿಗೊರನೂ ಹಿಂದೆ ಹೋದೆವು. ಒಗೆಯುವ ಕಲ್ಲಿನ ತೊಟ್ಟಿ, ಅದರ ಪಕ್ಕ ಮಡಿಸಿಟ್ಟ ಟವೆಲುಗಳು. ಅವಳು ಒಂದೊಂದನ್ನೇ ಎತ್ತಿ ನೋಡಿದಳು. ತೀರಾ ತಳದಲ್ಲಿದ್ದ ಬಿಳಿ ಟವೆಲನ್ನು ಬಿಡಿಸಿದಳು.

ಅದರ ನಡುವೆ ದ್ರಾಕ್ಷಾರಸದ ಬಣ್ಣದ ಕಲೆ. ಒದ್ದೆ ಉಣ್ಣೆಯನ್ನು ಸುತ್ತಿ ಹಿಂಡಿದ ಹಾಗೆ.

ಮೆತೋದಿಯ ಜೆರ್ಸಿಯದ್ದೂ ಅದೇ ಬಣ್ಣ.

"ಇದೇನು?" ಅಂದಳು ರುಮೆನಾ.

ರಾಯಿಫ್ ಟವೆಲನ್ನು ನೋಡಿದ. ಆಮೇಲೆ ಮೂಲೆಯಲ್ಲಿದ್ದ ಪಗಡೆ ಹಲಗೆಯನ್ನು ನೋಡಿದ. ದಿನಾ ಸಂಜೆ ಅವನೂ ಅವನ ಗೆಳೆಯ ಬೊಗೋಯಾನೂ ದಾಳ ಹಾಕುತ್ತಿದ್ದ ಹಲಗೆ ಅದು. ಈ ವಾರ ಬೊಗೋಯಾ ಬಂದಿರಲಿಲ್ಲ. ಮಂಡಿನೋವು ಅಂತ ಹೇಳಿ ಕಳಿಸಿದ್ದ.

"ನಂಗೊತ್ತಿಲ್ಲಮ್ಮ," ಅಂದ ರಾಯಿಫ್.

"ನೀನು ತಗೊಂಡ್ಯಾ?"

"ಇಲ್ಲ."

"ಯಾರು ತಗೊಂಡ್ರು ಅಂತ ಗೊತ್ತಾ?"

ರಾಯಿಫ್ ಮಿಕ್ಕ ಟವೆಲುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಗ್ಲಿಗೊರನಿಗೆ ಅಷ್ಟು ಸಾಕಾಯಿತು. ಭಾನುವಾರ ಮ್ಯಾಚು ಮುಗಿದ ಮೇಲೆ ಈ ಕೋಣೆ ಖಾಲಿ ಮಾಡಬೇಕು, ಜೆರ್ಸಿ ಅಷ್ಟರೊಳಗೆ ವಾಪಸು ಬಂದರೆ ಬೇರೆ ಮಾತು, ಅಂತ ಹೇಳಿ ಮೆಟ್ಟಿಲು ಹತ್ತಿ ಹೋದ. ರಾಯಿಫ್ ಟವೆಲನ್ನು ಮತ್ತೆ ಅದೇ ಮಡಿಕೆಗೆ ಮಡಿಸಲು ಕೈ ಚಾಚಿದ. ರುಮೆನಾ ಕೊಡಲಿಲ್ಲ.

* * *

ಮಧ್ಯಾಹ್ನ ಬಂದು ನನ್ನ ಬೆಂಚಿನಲ್ಲಿ ಕೂತಳು. ಒಂದು ಪೊಟ್ಟಣ ಬೀಜ ಕೊಟ್ಟೆ. ಸಿಪ್ಪೆಯನ್ನು ನೆಲಕ್ಕೆ ಉಗುಳದೆ ಅಂಗೈಯಲ್ಲಿ ಕೂಡಿಟ್ಟುಕೊಂಡಳು.

"ತಾತ, ಒಂದು ಅಂಗಿಗೆ ಇಷ್ಟು ಯಾಕೆ ಗಲಾಟೆ?"

ಹೇಳಿದೆ.

ನಮ್ಮ ಬೆಲೋಬ್ರೆಗ್ ಕ್ಲಬ್ಬು ಕಟ್ಟಿದವರು ದ್ರಾಕ್ಷಿ ತೋಟದ ಆಳುಗಳು ಮತ್ತು ರೈಲ್ವೆಯವರು. ಯುದ್ಧಕ್ಕೆ ಮುಂಚಿನ ಮಾತು. ಯುದ್ಧ ಬಂತು. ಆಳಲು ಬಂದವರು ಹೆಸರು ಬದಲಾಯಿಸಿದರು. ಯುದ್ಧ ಹೋಯಿತು, ಹೆಸರು ವಾಪಸು ಬಂತು. ವೈನ್ ಕಾರ್ಖಾನೆ ಕೈಹಿಡಿಯಿತು. ಕಾರ್ಖಾನೆಯ ಸೈರನ್ ಕೂಗಿದರೆ ಪಾಳಿ ಬಿಟ್ಟವರೆಲ್ಲ ನೇರ ಮೈದಾನಕ್ಕೆ. ಬೆಲ್‌ಗ್ರೇಡು ರಾಜಧಾನಿಯಾಗಿದ್ದ ಆಗಿನ ದೊಡ್ಡ ದೇಶದಲ್ಲಿ ನಾವು ಎರಡನೇ ದರ್ಜೆಯ ತಂಡ. ಆದರೂ ಒಂದು ಸಲ, ಕಪ್ ಪಂದ್ಯಾವಳಿಯ ಆಟಕ್ಕೆ ಬೆಲ್‌ಗ್ರೇಡಿನ ದೊಡ್ಡ ತಂಡ ನಮ್ಮೂರಿಗೆ ಬಂತು. ಫೆಬ್ರವರಿ ತಿಂಗಳು. ನದಿಯ ಮೇಲಿಂದ ಬೀಸುವ ಗಾಳಿಗೆ ಕಣ್ಣಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು. ಅವರು ಹೊಡೆದರು, ಹೊಡೆದರು, ಹೊಡೆಯುತ್ತಲೇ ಇದ್ದರು. ಗೋಲಿನಲ್ಲಿ ನಿಂತಿದ್ದ ಮೆತೋದಿ ಒಂದನ್ನೂ ಬಿಡಲಿಲ್ಲ. ಕೊನೆಯಲ್ಲಿ ನಮ್ಮವರೇ ಒಂದು ಹೊಡೆದರು. ಗೆದ್ದೆವು.

ಆ ವಾರವೇ ಮೆತೋದಿಗೆ ಎದೆ ಕಟ್ಟಿತು. ಶ್ವಾಸಕೋಶದ ಜ್ವರ. ಉಳಿಯಲಿಲ್ಲ. ಮದುವೆಯೂ ಆಗಿರಲಿಲ್ಲ.

"ಆಮೇಲೆ ಆ ಕಪ್ ಏನಾಯ್ತು?"

"ಮುಂದಿನ ಸುತ್ತಿನಲ್ಲೇ ಸೋತ್ವಿ ಕಣಮ್ಮ. ಗೋಲಲ್ಲಿ ನಿಲ್ಲೋಕೆ ಯಾರಿದ್ರು?"

ದೇಶ ಒಡೆಯಿತು, ಕಾರ್ಖಾನೆ ಮಾರಾಟವಾಯಿತು, ಸೈರನ್ ನಿಂತಿತು. ತಂಡ ಕೆಳಗಿನ ಲೀಗಿಗೆ ಬಿತ್ತು, ಮತ್ತೆ ಹತ್ತಿತು, ಮತ್ತೆ ಬಿತ್ತು. ಈಗ ಮೇಲಿನ ಲೀಗಿನ ತುದಿಯಲ್ಲಿ ಉಗುರು ಊರಿ ನೇತಾಡುತ್ತಿದ್ದೆವು. ಚಳಿಗಾಲದ ರಜೆ ಮುಗಿದ ಮೇಲೆ ಗೆಲ್ಲುವುದು ಹೇಗೆಂಬುದೇ ಮರೆತುಹೋಗಿತ್ತು. ಏಪ್ರಿಲಿನಲ್ಲಿ ಹೊಸ ಗೋಲ್‌ಕೀಪರ್ ಅಂದೋನ್ ಬಂದ. ಅಲ್ಲಿಂದ ಸೋಲು ನಿಂತಿತು. ಡ್ರಾ, ಡ್ರಾ, ಒಂದು ಗೆಲುವು. ಈ ಭಾನುವಾರ ಸೋತರೆ ನೇರ ಕೆಳಗೆ. ಪ್ರತಿ ಮ್ಯಾಚಿಗೂ ಮುಂಚೆ ನಮ್ಮ ಗೋಲ್‌ಕೀಪರ್ ಆ ಗಾಜಿನ ಮೇಲೆ ಅಂಗೈ ಇಟ್ಟೇ ಮೈದಾನಕ್ಕೆ ಇಳಿಯುವುದು. ಖಾಲಿ ಪೆಟ್ಟಿಗೆ ನೋಡಿ ಅಂದೋನನ ಮುಖ ಬಿಳಿಚಿಕೊಂಡಿತ್ತು.

"ಮೆತೋದಿಗೆ ಜ್ವರ ಹೇಗೆ ಬಂತು?"

ಇದನ್ನು ಈಗ ಯಾರೂ ಕೇಳುವುದಿಲ್ಲ. ಪೆಟ್ಟಿಗೆಯ ಕೆಳಗಿನ ಹಿತ್ತಾಳೆ ಹಲಗೆಯಲ್ಲೂ ಬರೆದಿಲ್ಲ. ಹೇಳಲೋ ಬೇಡವೋ ಅಂತ ಯೋಚಿಸಿದೆ. ಹೇಳಿದೆ.

"ಕ್ಲಬ್ಬಿಗೆ ಇದ್ದದ್ದು ಒಂದೇ ಜೊತೆ ಬಟ್ಟೆ. ಆಟ ಮುಗೀತಿದ್ದ ಹಾಗೆ ಎಲ್ಲರ ಮೈಮೇಲಿಂದ ತೆಗೆಸಿಬಿಡೋರು, ಕಾರ್ಖಾನೆ ಸೊತ್ತು ಅಂತ. ಮೆತೋದಿ ಮನೆ ಸೇತುವೆ ಆಚೆ. ಬೆವರಿದ ಮೈಯಲ್ಲಿ ಬನಿಯನ್ ಮೇಲೆ ಒಂದು ತೆಳು ಕೋಟು ಹಾಕ್ಕೊಂಡು ಆ ಗಾಳೀಲಿ ನಡಕೊಂಡು ಹೋದ."

ರುಮೆನಾ ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡಳು.

"ಅದೇ ಜೆರ್ಸೀನ ಆಮೇಲೆ ಗಾಜಿನೊಳಗೆ ಇಟ್ಟು ಕೈಮುಗಿದ್ರು," ಅಂದಳು.

ನಾನು ತಲೆಯಾಡಿಸಿದೆ.

* * *

ಊರಲ್ಲಿ ಆ ಸಂಜೆ ಇಬ್ಬರು ಕಳ್ಳರು ಹುಟ್ಟಿಕೊಂಡರು. ಕಾಫಿ ಅಂಗಡಿಯಲ್ಲಿ ಅರ್ಧ ಜನ ಭಾನುವಾರದ ಎದುರಾಳಿ ತಂಡದ ಪುಂಡರ ಕೆಲಸ ಅಂದರು. ರುಮೆನಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರು ಕದ್ದಿದ್ದರೆ ಇಷ್ಟು ಹೊತ್ತಿಗೆ ಅದನ್ನು ಹಾಕಿಕೊಂಡು ಕುಣಿದ ಚಿತ್ರ ಎಲ್ಲರ ಫೋನಿಗೂ ಬಂದಿರುತ್ತಿತ್ತು. ಕದ್ದದ್ದನ್ನು ಬಚ್ಚಿಡುವ ಜನ ಅಲ್ಲ ಅವರು.

ಇನ್ನರ್ಧ ಜನ ದನಿ ತಗ್ಗಿಸಿ ಗ್ಲಿಗೊರನ ಹೆಸರು ಹೇಳಿದರು. ಥೆಸಲೋನಿಕಿಯ ಒಬ್ಬ ವ್ಯಾಪಾರಿ ಹಳೇ ಕ್ರೀಡಾವಸ್ತು ಕೊಳ್ಳುತ್ತಾನೆ. ಅವನು ಚಳಿಗಾಲದಲ್ಲಿ ಬಂದು ಜೆರ್ಸಿ ನೋಡಿಕೊಂಡು ಹೋದದ್ದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷನೇ ಮಾರಿ, ಪಾಪದ ತುರ್ಕಿಯ ತಲೆಗೆ ಕಟ್ಟಿದ್ದಾನೆ ಅಂದರು.

ಶನಿವಾರ ಬೆಳಿಗ್ಗೆ ರುಮೆನಾ ನನ್ನ ಬೆಂಚಿನಲ್ಲೇ ಕೂತು ಆ ವ್ಯಾಪಾರಿಗೆ ಫೋನು ಮಾಡಿದಳು. ತನ್ನ ಬಳಿ ಜೆರ್ಸಿ ಬಂದಿಲ್ಲ ಅಂದನಂತೆ. ಗ್ಲಿಗೊರ್ ಮಾರಲು ಒಪ್ಪಿರಲಿಲ್ಲವಂತೆ. ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಉತ್ತರ ಕೇಳಿ ಫೋನನ್ನು ಜೇಬಿಗೆ ಹಾಕಿಕೊಂಡಳು.

"ಏನಂದ?" ಅಂತ ಕೇಳಿದೆ.

"ಒಗೆದ ಜೆರ್ಸಿ ಕೊಡ್ತೀನಿ, ತಗೊಳ್ತೀರಾ ಅಂದೆ. ಬೈದ. ಆ ಮೊಣಕೈ ಮೇಲಿನ ಮಣ್ಣಿಗೇ ಬೆಲೆಯಂತೆ. ಒಗೆದರೆ ಅದು ಬರೀ ಹಳೇ ಉಣ್ಣೆಯಂತೆ."

ಆಮೇಲೆ ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. "ಮಾರೋಕೆ ಕದ್ದವನು ಒಗೆಯಲ್ಲ. ಮೆರೆಯೋಕೆ ಕದ್ದವನೂ ಒಗೆಯಲ್ಲ. ಒಗೆಯೋದು ಯಾರಿಗಾದರೂ ತೊಡಿಸೋಕೆ."

ಎದ್ದು ನಿಂತಳು. ಅವತ್ತು ಸತ್ತವರ ಶನಿವಾರ. ನಾನೂ ನನ್ನ ಹೆಂಡತಿಗೆ ಚೆರ್ರಿ ಹಣ್ಣು ತೆಗೆದುಕೊಂಡು ಸ್ಮಶಾನಕ್ಕೆ ಹೊರಟಿದ್ದೆ.

"ನಾನೂ ಬರ್ಲಾ ತಾತ?" ಅಂದಳು.

* * *

ಆ ದಿನ ನಮ್ಮ ಸ್ಮಶಾನದಲ್ಲಿ ಊರಿಗಿಂತ ಹೆಚ್ಚು ಸಂಸಾರ ನಡೆಯುತ್ತದೆ. ಸಮಾಧಿಯ ಕಲ್ಲಿನ ಮೇಲೆ ಬಟ್ಟೆ ಹಾಸಿ ಬೇಯಿಸಿದ ಗೋಧಿ, ಸೊಪ್ಪಿನ ರೊಟ್ಟಿ, ಚೆರ್ರಿ. ಮಣ್ಣಿಗೆ ಸ್ವಲ್ಪ ವೈನು. ತಮ್ಮವರನ್ನು ಕಳಕೊಂಡವರು ಆ ವರ್ಷದ ಚೆರ್ರಿಯನ್ನು ಅವತ್ತಿನವರೆಗೆ ಬಾಯಿಗೆ ಹಾಕುವುದಿಲ್ಲ. ಮೊದಲು ಹೋದವರಿಗೆ, ಆಮೇಲೆ ನಮಗೆ. ಹೆಂಗಸರು ಕಲ್ಲಿನಿಂದ ಕಲ್ಲಿಗೆ ತಟ್ಟೆ ದಾಟಿಸುತ್ತ ಸೊಸೆಯರನ್ನು ಆಡಿಕೊಳ್ಳುತ್ತಿದ್ದರು.

ದೋನ್ಕಾಳ ಮಣ್ಣು ಇನ್ನೂ ಹಸಿಯಾಗಿತ್ತು. ಅವಳ ಸೊಸೆ ಸ್ತೋಯ್ನಾ ಅಲ್ಲಿ ಕೂತಿದ್ದಳು. ರುಮೆನಾ ಅವಳ ಪಕ್ಕ ಕೂತು ಗೋಧಿ ಬಾಯಿಗೆ ಹಾಕಿಕೊಂಡಳು. ತನ್ನ ಅಜ್ಜಿಯೂ ಬೆಟ್ಟದ ಮೇಲಿನ ಹಳ್ಳಿಯವಳು ಅಂದಳು. ಅಲ್ಲೆಲ್ಲ ಯಾರಾದರೂ ಸತ್ತರೆ ನೆರೆಹೊರೆಯವರು ತಮ್ಮ ಸತ್ತವರಿಗೂ ಏನಾದರೂ ಕಳಿಸುತ್ತಾರೆ, ಸೇಬು, ಕರವಸ್ತ್ರ, ಒಂದು ಜೊತೆ ಕಾಲುಚೀಲ. ಹೋಗುವವರ ಕೈಯಲ್ಲಿ ಕೊಟ್ಟ ಹಾಗೆ ಶವಪೆಟ್ಟಿಗೆಯಲ್ಲಿ ಇಡುತ್ತಾರೆ. ನಿಮ್ಮಲ್ಲಿ?

ನಮ್ಮಲ್ಲೂ ಅದೇ ಅಂದಳು ಸ್ತೋಯ್ನಾ. ಅತ್ತೆಯ ಕಾಲಬುಡ ತುಂಬಿಹೋಗಿತ್ತಂತೆ.

"ಯಾರ್ಯಾರು ಏನಿಟ್ಟರು?"

"ಅದನ್ನ ಕೇಳಬಾರದು ಕಣಮ್ಮ. ಇಟ್ಟವರಿಗೂ ಹೋಗುವವರಿಗೂ ಬಿಟ್ಟದ್ದು. ಬಿಳೀ ಬಟ್ಟೇಲಿ ಸುತ್ತಿರ್ತಾರೆ, ಹಾಗೇ ಮುಚ್ತೀವಿ."

ಎರಡು ಕಲ್ಲಿನಾಚೆ ಮೆತೋದಿಯ ಸಮಾಧಿ. ಬೊಗೋಯಾ ಅಲ್ಲಿ ನಿಂತಿದ್ದ. ಮಂಡಿನೋವಿನವನು ಬೆಟ್ಟ ಹತ್ತಿ ಬಂದಿದ್ದ. ಬೊಗೋಯಾ ನನ್ನ ಓರಗೆಯವನು. ಆ ಕಾಲದಲ್ಲಿ ಎರಡನೇ ಗೋಲ್‌ಕೀಪರ್. ಮೆತೋದಿ ಹೋದ ಮೇಲೆ ಗೋಲಿನಲ್ಲಿ ನಿಂತವನು, ಮುಂದಿನ ಸುತ್ತು ಸೋತವನು. ಪ್ರತಿ ವರ್ಷ ಈ ಶನಿವಾರ ದೋನ್ಕಾ ತಮ್ಮನ ಹೆಸರಲ್ಲಿ ಯಾವುದಾದರೂ ಬಡವನಿಗೆ ಉಣ್ಣೆಯದೊಂದು ಬಟ್ಟೆ ಕೊಡುತ್ತಿದ್ದಳು. ಬೇಸಿಗೆಯಲ್ಲೂ. ತಮ್ಮ ಕನಸಲ್ಲಿ ಬಂದು ಅಕ್ಕಾ ಚಳಿ ಅನ್ನುತ್ತಾನೆ ಅಂತ ಎಲ್ಲರ ಹತ್ತಿರವೂ ಹೇಳುತ್ತಿದ್ದಳು.

ಸ್ತೋಯ್ನಾಗೆ ಅದು ನೆನಪಾಯಿತು.

"ಬೊಗೋಯಾ ಮಾವ, ಈ ಗಡಿಬಿಡೀಲಿ ಮೆತೋದಿ ಮಾವನ ಉಣ್ಣೆ ಬಟ್ಟೆ ಮರೆತೇಬಿಟ್ಟೆ. ಒಂದು ಸ್ವೆಟರ್ ತರಿಸ್ಲಾ?"

ಬೊಗೋಯಾ ಕಲ್ಲಿನ ಮೇಲೆ ಚೆರ್ರಿ ಇಡುತ್ತಿದ್ದ. ತಲೆ ಎತ್ತಲಿಲ್ಲ.

"ಬೇಡ ಬಿಡಮ್ಮ. ಅವನಿಗೆ ಇನ್ನು ಚಳಿ ಆಗಲ್ಲ."

ರುಮೆನಾ ನನ್ನನ್ನು ನೋಡಿದಳು. ನಾನು ನನ್ನ ಚೆರ್ರಿ ನೋಡಿಕೊಂಡೆ.

* * *

ಮಧ್ಯಾಹ್ನ ರಾಯಿಫನ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದಳು. ಗ್ಲಿಗೊರ್ ನಿಂತೇ ಇದ್ದ. ರಾಯಿಫ್ ಬಟ್ಟೆಗಂಟು ಕಟ್ಟುತ್ತಿದ್ದವನು ಹಾಸಿಗೆಯ ಅಂಚಿನಲ್ಲಿ ಕೂತ. ಬೊಗೋಯಾ ದಿನಾ ಕೂರುವ ಸ್ಟೂಲಿನ ಮೇಲೆ, ಪಗಡೆ ಹಲಗೆಯ ಈಚೆ ಕೂತ. ನಾನು ಬಾಗಿಲಲ್ಲಿ.

ರುಮೆನಾ ಟವೆಲನ್ನು ಹಾಸಿಗೆಯ ಮೇಲೆ ಹರಡಿದಳು. ಗಟ್ಟಿಯಾಗಿ ಮಾತಾಡಲಿಲ್ಲ.

ತಿರುಪುಗಳಿಂದ ಶುರುಮಾಡಿದಳು. ಕದಿಯುವವನಿಗೆ ಅವಸರ ಇರುತ್ತದೆ. ಇವನು ಒಂದೊಂದನ್ನೂ ಸಾಲಾಗಿ ಇಟ್ಟಿದ್ದಾನೆ. ಅವನಿಗೆ ಆ ಪೆಟ್ಟಿಗೆ ಅಂದರೆ ಮರ್ಯಾದೆ ಇದೆ. ಎರಡನೆಯದು, ಜೆರ್ಸಿಯನ್ನು ಒಗೆದಿದ್ದಾನೆ. ಒಗೆದರೆ ಅದರ ಬೆಲೆ ಹೋಯಿತು. ಹಾಗಾದರೆ ದುಡ್ಡಿಗಲ್ಲ. ಅಲ್ಲಿಗೆ ಗ್ಲಿಗೊರನ ಮೇಲಿನ ಅನುಮಾನ ಹೋಯಿತು. ಹಳೇ ಬಟ್ಟೆಯನ್ನು ಒಗೆದು ಶುದ್ಧ ಮಾಡುವುದು ಯಾರಿಗೆ? ಕನ್ನಡಿಯ ಮುಂದೆ ನಿಲ್ಲುವವರಿಗಲ್ಲ. ಸತ್ತವರಿಗೆ. ಸತ್ತವರಿಗೆ ಕೊಳೆ ಬಟ್ಟೆ ಕಳಿಸುವುದಿಲ್ಲ.

"ರಾಯಿಫ್ ತಾತ, ನಿಮ್ಮಲ್ಲಿ ಮಣ್ಣು ಮಾಡುವಾಗ ಜೊತೆಗೆ ಏನಿಡ್ತೀರಿ?"

"ಏನಿಲ್ಲಮ್ಮ. ಬಿಳೀ ಬಟ್ಟೆ ಅಷ್ಟೆ. ಖಾಲಿ ಕೈಲೇ ಹೋಗೋದು."

"ಅಂದಮೇಲೆ ಇದು ಇವರಿಗೆ ಹೊಳೆಯೋ ಯೋಚನೆಯೇ ಅಲ್ಲ," ಅಂದಳು ಗ್ಲಿಗೊರನಿಗೆ. "ಜೆರ್ಸಿ ಸೋಮವಾರ ಇತ್ತು. ಬುಧವಾರ ಒಂದು ಪೆಟ್ಟಿಗೆ ಮಣ್ಣಿಗೆ ಹೋಯಿತು. ಮೆತೋದಿಯ ಅಕ್ಕನದು. ಅವನ ಹತ್ತಿರ ಹೋಗುವವಳ ಕೈಲಿ ಅವನ ಬಟ್ಟೆ ಕಳಿಸಿದ್ದಾರೆ. ಕಳಿಸಿದವರಿಗೆ ಈ ಮೊಳೆ ಗೊತ್ತು, ಈ ತೊಟ್ಟಿ ಗೊತ್ತು. ಅವನಿಗೆ ಇನ್ನು ಚಳಿ ಆಗಲ್ಲ ಅನ್ನೋದೂ ಗೊತ್ತು."

ಬೊಗೋಯಾ ಹಲಗೆಯ ಮೇಲಿದ್ದ ದಾಳವನ್ನು ಎತ್ತಿಕೊಂಡ. ಅಂಗೈಯಲ್ಲಿ ಹಿಡಿದುಕೊಂಡ. ಹಾಕಲಿಲ್ಲ.

"ಮಂಗಳವಾರ ಬೆಳಿಗ್ಗೆ ಕರೆಸಿದ್ಲು," ಅಂದ. "ಉಸಿರು ಮೇಲೆ ಹತ್ತಿತ್ತು. ನಾನು ಹೋಗ್ತಾ ಇದೀನಿ, ಅವನ ಅಂಗಿ ಕೊಡಿಸು ಅಂದ್ಲು. ನನ್ನನ್ನೇ ಯಾಕೆ ಕೇಳಿದ್ಲು ಗೊತ್ತಾ? ಅವತ್ತು ಅವನ ಮೈಮೇಲಿಂದ ಅದನ್ನ ಬಿಚ್ಚಿಸಿಕೊಂಡವನು ನಾನು. ಎರಡನೇ ಗೋಲ್‌ಕೀಪರ್ ಕೆಲಸ ಅದೇ ಆಗಿತ್ತು, ಆಟ ಮುಗಿದ ಮೇಲೆ ಬಟ್ಟೆ ಒಟ್ಟು ಮಾಡೋದು. ಇವತ್ತೊಂದಿನ ಹಾಕ್ಕೊಂಡು ಹೋಗ್ತೀನಿ ಬೊಗೋಯಾ, ನಾಳೆ ತಂದುಕೊಡ್ತೀನಿ ಅಂದ. ಆಗಲ್ಲ ಅಂದೆ. ಲೆಕ್ಕ ಒಪ್ಪಿಸಬೇಕಿತ್ತಲ್ಲ."

ಇಷ್ಟು ವರ್ಷ ಅವನ ಪಕ್ಕ ಕೂತು ಆಟ ನೋಡಿದ್ದೇನೆ. ಇದು ನನಗೆ ಗೊತ್ತಿರಲಿಲ್ಲ. ದೋನ್ಕಾಗೆ ಗೊತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ.

"ರಾಯಿಫನ ತಲೆಗೆ ಬಂದಾಗ ಯಾಕೆ ಸುಮ್ಮನಿದ್ರಿ?" ಅಂದಳು ರುಮೆನಾ.

ನಲವತ್ತನೇ ದಿನಕ್ಕೆ ಕಾಯುತ್ತಿದ್ದ ಬೊಗೋಯಾ. ಸತ್ತವರು ಅಲ್ಲಿಯವರೆಗೆ ದಾರಿಯಲ್ಲೇ ಇರುತ್ತಾರೆ. ನಡುವೆ ಮಣ್ಣು ಅಗೆದು ತೆಗೆದುಬಿಟ್ಟರೆ ದೋನ್ಕಾ ಖಾಲಿ ಕೈಯಲ್ಲಿ ತಮ್ಮನ ಮುಂದೆ ನಿಲ್ಲಬೇಕು. ನಲವತ್ತು ಆದ ಮೇಲೆ ತಾನೇ ಠಾಣೆಗೆ ಹೋಗಿ ಹೇಳುವವನಿದ್ದನಂತೆ. ಮಂಗಳವಾರ ಸಂಜೆ ರಾಯಿಫ್ ಮೈದಾನದಲ್ಲಿ ಆಟಗಾರರ ಜೊತೆ ಇದ್ದಾಗ ಬಂದು ಜೆರ್ಸಿ ತೆಗೆದು, ಈ ತೊಟ್ಟಿಯಲ್ಲೇ ಒಗೆದಿದ್ದನಂತೆ. ಗಾಜಿನ ಪೆಟ್ಟಿಗೆಯನ್ನು ಇಷ್ಟು ಬೇಗ ಯಾರಾದರೂ ನೋಡುತ್ತಾರೆ ಅಂದುಕೊಂಡಿರಲಿಲ್ಲ. ಫೋಟೊ ತೆಗೆಸುವ ವಿಷಯ ಗೊತ್ತಿರಲಿಲ್ಲ. ಮ್ಯಾಚಿನ ದಿನ ಅಂದೋನ್ ಗಾಜು ಮುಟ್ಟುವುದಂತೂ ನೆನಪಿಗೇ ಬಂದಿರಲಿಲ್ಲ.

"ಇವನನ್ನ ಹೊರಗೆ ಹಾಕ್ತಾರೆ ಅಂತ ಬೆಳಿಗ್ಗೆ ತಿಳೀತು," ಅಂದ. "ಮೆತೋದಿ ಹತ್ತಿರ ಹೇಳೋಕೇ ಬೆಟ್ಟ ಹತ್ತಿದ್ದು. ಅಲ್ಲಿಂದ ಇಲ್ಲಿಗೇ ಬರ್ತಿದ್ದೆ."

ರುಮೆನಾ ರಾಯಿಫನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

"ಟವೆಲು ನೋಡಿದಾಗ ಗೊತ್ತಾಯ್ತು. ಯಾಕೆ ಅಂತ ಗೊತ್ತಿರಲಿಲ್ಲ. ಇವನು ಪಗಡೇಲಿ ಮೋಸ ಮಾಡ್ತಾನೆ, ಅದು ಬೇರೆ. ಸುಮ್ಮಸುಮ್ಮನೆ ಕದಿಯೋನಲ್ಲ."

"ಯಾವಾಗ ಮೋಸ ಮಾಡಿದೀನೋ?" ಅಂದ ಬೊಗೋಯಾ.

"ದಾಳ ಕೆಳಗಿಡು. ಬೆವರು ಹತ್ತುತ್ತೆ."

ಎಲ್ಲರೂ ಗ್ಲಿಗೊರನನ್ನು ನೋಡಿದೆವು. ದೂರು ಅವನದು. ಸಮಾಧಿ ಅಗೆಸಬೇಕಾದರೆ ಕೋರ್ಟಿನ ಅಪ್ಪಣೆ ಬೇಕು, ಮನೆಯವರ ಒಪ್ಪಿಗೆ ಬೇಕು, ಮೊದಲು ಕ್ಲಬ್ಬು ಅದು ತನ್ನ ಸೊತ್ತು ಅಂತ ಬರೆದುಕೊಡಬೇಕು ಅಂದಳು ರುಮೆನಾ. ಬರೆದುಕೊಡುತ್ತೀರಾ ಅಂತ ಕೇಳಿದಳು.

ಗ್ಲಿಗೊರ್ ಕೆಟ್ಟವನಲ್ಲ. ಕ್ಲಬ್ಬಿಗಾಗಿ ತನ್ನ ತೋಟದ ಒಂದು ಭಾಗ ಮಾರಿದವನು. ಟವೆಲಿನ ಮೇಲಿನ ಕಲೆಯನ್ನು ಬೆರಳಿನಿಂದ ಮುಟ್ಟಿದ. ಒಣಗಿತ್ತು.

"ಕ್ಲಬ್ಬಿನದ್ದು ಅಂತ ಅವತ್ತೇ ಒಂದ್ಸಲ ಕಿತ್ಕೊಂಡಿದ್ದಾಯ್ತಲ್ಲ," ಅಂದ. "ಇನ್ನೊಂದ್ಸಲ ಕಿತ್ಕೊಳ್ಳೋದು ನನ್ನ ಕೈಲಾಗಲ್ಲ."

ರಾಯಿಫನ ಬಟ್ಟೆಗಂಟನ್ನು ತಾನೇ ಎತ್ತಿ ಮೂಲೆಗೆ ಇಟ್ಟ. ಕ್ಷಮಿಸು ಅನ್ನುವ ಮಾತು ಅವನಿಗೆ ಬರುವುದಿಲ್ಲ. ಗಂಟು ಬಿಚ್ಚಲು ಹೋದ, ಗಂಟೂ ಬರಲಿಲ್ಲ. ರಾಯಿಫನೇ ಬಿಚ್ಚಿದ.

ರುಮೆನಾ ಟವೆಲನ್ನು ಮಡಿಸಿ ತೊಟ್ಟಿಯ ಪಕ್ಕ ಇಟ್ಟಳು. ಜೇಬಿನಲ್ಲಿದ್ದ ಬೀಜದ ಸಿಪ್ಪೆಯನ್ನು ಕಸದ ಬುಟ್ಟಿಗೆ ಸುರಿದಳು. ಹೊರಟಳು.

* * *

ಭಾನುವಾರ ಬಿಸಿಲು ಜೋರಿತ್ತು. ಆಟಕ್ಕೆ ಮುಂಚೆ ಅಂದೋನ್ ಖಾಲಿ ಪೆಟ್ಟಿಗೆಯ ಮುಂದೆ ಬಂದು ನಿಂತ. ಊರಿಗೆಲ್ಲ ಅಷ್ಟು ಹೊತ್ತಿಗೆ ವಿಷಯ ಗೊತ್ತಾಗಿತ್ತು. ಚೌಕಟ್ಟನ್ನು ಬೊಗೋಯಾ ಮತ್ತೆ ಕೂರಿಸಿದ್ದ, ತಿರುಪು ಬಿಗಿದಿದ್ದ. ಅಂದೋನ್ ಗಾಜಿನ ಮೇಲೆ ಅಂಗೈ ಇಟ್ಟ. ಒಳಗೆ ಹ್ಯಾಂಗರ್ ಮಾತ್ರ. ಎಂದಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಇಟ್ಟಿದ್ದ.

ಒಂದು ಗೋಲು ತಿಂದೆವು, ಒಂದು ಹೊಡೆದೆವು. ಕೊನೆಗೆ ಅವರು ಹೊಡೆದ ಪೆನಾಲ್ಟಿಯನ್ನು ಅಂದೋನ್ ಎಡಕ್ಕೆ ಬಿದ್ದು ತಡೆದ. ಡ್ರಾ. ಕೆಳಗೆ ಬೀಳಲಿಲ್ಲ, ಉಳಿಯಲೂ ಇಲ್ಲ. ಉಳಿಯುತ್ತೇವೋ ಇಲ್ಲವೋ ಅನ್ನುವುದಕ್ಕೆ ಇನ್ನೊಂದು ಮ್ಯಾಚು ಆಡಬೇಕು, ಬೇರೆ ಊರಿನಲ್ಲಿ. ನನ್ನ ಬೀಜವೆಲ್ಲ ಖರ್ಚಾಗಿತ್ತು.

ಆಟಗಾರರು ಒಬ್ಬೊಬ್ಬರೇ ರಾಯಿಫನ ಬುಟ್ಟಿಗೆ ಜೆರ್ಸಿ ಎಸೆದು ಹೋದರು. ಬೊಗೋಯಾ ಬುಟ್ಟಿ ಹಿಡಿದುಕೊಂಡಿದ್ದ. ಕೊನೆಗೆ ಅಂದೋನ್ ಬಂದ. ಮೈತುಂಬ ಬೆವರು, ಮೊಣಕೈಯಲ್ಲಿ ಮಣ್ಣು. ಅವನ ಮನೆಯೂ ಸೇತುವೆಯ ಆಚೆ. ಜೆರ್ಸಿಯ ಅಂಚು ಹಿಡಿದು ತಲೆಯ ಮೇಲೆ ಎತ್ತಲು ಹೋದ.

ಬೊಗೋಯಾ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡ.

"ಬೇಡ ಕಣಪ್ಪ," ಅಂದ. "ಹಾಕ್ಕೊಂಡೇ ಹೋಗು. ನಾಳೆ ತಂದುಕೊಡುವೆಯಂತೆ."